ಬಟ್ಟಲಿಗೆ ಬಿದ್ದ ಮೀನಿನ ರಸ

"ಮಾಂಸ ಬಿಟ್ಟು ಕುಸ್ತಿಗೆ ಇಳಿತೀರಾ, ಪೈಲ್ವಾನ್ರೇ? ಹೊಸವರ್ಷದ ಕಣದಲ್ಲಿ ಗಾಳಿ ಬೀಸಿದ್ರೂ ಬಿದ್ದೋಗ್ತೀರಾ!"

ಹುಯೆ ಪೇಟೆಯ ತನ್ನ ತೋಫು ಅಂಗಡಿಯಲ್ಲಿ ಕೂತು ಥಾವೊ ಹೀಗೆ ಛೇಡಿಸಿದಾಗ, ಕೊಳ್ಳಲು ಬಂದಿದ್ದ ಕುಸ್ತಿಪಟು ಖಾಂಗ್ ನಗಲಿಲ್ಲ.

"ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಅವಳು ಏಳೋವರೆಗೂ ಮೀನು, ಮಾಂಸ ಮುಟ್ಟಲ್ಲ ಅಂತ ಬುದ್ಧನ ಮುಂದೆ ಹರಕೆ ಹೊತ್ತಿದೀನಿ. ತೋಫು ಕೊಡು."

ಅಯ್ಯೋ, ನನ್ನ ನಾಲಿಗೆಗಿಷ್ಟು ಬೆಂಕಿ ಬೀಳ! ಎಂದುಕೊಂಡಳು ಥಾವೊ. ಅವನು ಹೋದ ಮೇಲೂ ಅವನ ಕಣ್ಣುಗಳನ್ನು ಅವಳಿಗೆ ಮರೆಯಲಾಗಲಿಲ್ಲ.

ಅಂದಿನಿಂದ ದಿನಾ ಸಂಜೆ ತೋಫು ಸಾರಿನ ಬಟ್ಟಲು ಹಿಡಿದು ಅವನ ಮನೆಗೆ ಹೋದಳು. ಬಾಗಿಲಲ್ಲಿ ಅವನ ಬಡಕಲು ನಾಯಿ ಬಾಲವಾಡಿಸುತ್ತಿತ್ತು. ಒಳಗೆ ತಾಯಿಯ ಕೆಮ್ಮು. ಆರೈಕೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣದೆ ಖಾಂಗ್‌ನ ಕೆನ್ನೆ ಗುಳಿಬಿದ್ದಿತ್ತು.

ಇವನೂ ಮಲಗಿಬಿಟ್ಟರೆ...?

ಆ ಭಯಕ್ಕೆ ಒಂದು ದಿನ ಅವನಿಗೆ ಹೇಳದೆ ಸಾರಿಗೆ ಹುಳಿಸಿದ ಮೀನಿನ ರಸ ಬೆರೆಸಿದಳು. ಮರುದಿನವೂ ಬೆರೆಸಿದಳು. ಅದಿಲ್ಲದೆ ಮೈಗೆ ಕಸುವು ಬರುವುದಾದರೂ ಹೇಗೆ? ಹುಯೆಯ ಯಾವ ಅಡುಗೆಮನೆಯಲ್ಲಿ ಕೇಳಿದರೂ ಇದೇ ಮಾತು.

ಖಾಂಗ್ ನಿಜಕ್ಕೂ ತುಂಬಿಕೊಂಡ. ಹೆಗಲು ಅಗಲವಾಯಿತು. ಕಣದಲ್ಲಿ ಗೆದ್ದ.

ಅದೇ ವಾರ ಅವನ ತಾಯಿ ಸತ್ತಳು.

ನಾನೇ ಕೊಂದೆ! ಹರಕೆ ಕೆಡಿಸಿದ ಪಾಪಿ ನಾನು...

ಥಾವೊ ಆ ಬೀದಿಗೇ ಹೋಗದಾದಳು. ಕೊನೆಗೆ ತಲೆಗೆ ಬಿಳಿ ಸೂತಕದ ಬಟ್ಟೆ ಕಟ್ಟಿಕೊಂಡು ಅವನೇ ಅಂಗಡಿಗೆ ಬಂದ. ಹಿಂದೆ ನಾಯಿಯೂ ಬಂತು.

"ಸಾವಿನ ಮನೆ ಅಂತ ದೂರ ಆದ್ಯಾ?"

"ನಿನ್ನ ಸಾರಿಗೆ ಮೀನಿನ ರಸ ಹಾಕ್ತಿದ್ದೆ!" ಅವಳು ಬಿಕ್ಕಿದಳು. "ಅಮ್ಮ ಹೋಗಿದ್ದು ನನ್ನಿಂದ... ಬಯ್ಯಿ ನನ್ನ!"

"ಮೊದಲ ದಿನವೇ ಮೂಗಿಗೆ ಗೊತ್ತಾಯ್ತು."

"ಗೊತ್ತಿದ್ದೂ ತಿಂದ್ಯಾ?"

ಅವನು ನಾಯಿಯತ್ತ ಕೈ ತೋರಿಸಿದ. ಅದರ ಹೊಟ್ಟೆ ನೆಲಕ್ಕೆ ತಾಗುವಷ್ಟು ಬೆಳೆದಿತ್ತು.

"ನಿನ್ನ ಸಾರೆಲ್ಲ ಇದರ ಪಾಲಾಯ್ತು. ನಾನು ಗೆದ್ದಿದ್ದು ಅನ್ನ, ಎಳ್ಳು-ಕಡಲೆಕಾಯಿ ಪುಡಿ, ನಿನ್ನಂಗಡೀಲಿ ಕೊಂಡ ತೋಫು ತಿಂದೇ. ಒಂದು ಹನಿ ಮೀನಿನ ರಸ ಮುಟ್ಟಿಲ್ಲ, ಥಾವೊ. ಹರಕೆ ಪೂರ್ತಿ ನಡೆಸಿದೆ. ಆದ್ರೂ ಅಮ್ಮ ಉಳಿಲಿಲ್ಲ..."

ಅವನು ಬಗ್ಗಿ ನಾಯಿಯ ತಲೆ ಸವರಿದ. ತಪ್ಪು ಹೊರಿಸಲು ಯಾರೂ ಇರಲಿಲ್ಲ. ಅದೇ ಇಬ್ಬರಿಗೂ ತಡೆಯಲಾಗದ ಸಂಕಟವಾಗಿತ್ತು.

"ಆಗಲೇ ಹೇಳಬಾರದಿತ್ತಾ...?"

"ಹೇಳಿದ್ರೆ ನೀನು ನಾಚ್ಕೊಂಡು ಸಂಜೆ ಬರೋದೇ ನಿಲ್ಲಿಸಿಬಿಡ್ತಿದ್ದೆ. ನೀನು ಬರೋ ಹೊತ್ತಿಗೇ ನಾನು ಕಾಯ್ತಿದ್ದಿದ್ದು."

ಥಾವೊ ಕಣ್ಣೊರೆಸಿಕೊಂಡಳು.

"ಇವತ್ತು ಬರ್ಲಾ? ಒಂದು ಹನಿಯೂ ಹಾಕಲ್ಲ."

"ಬಾ. ನಿಂಗೂ ಒಂದು ಬಟ್ಟಲು ತಾ. ಎದುರಿಗೆ ಕೂತು ಉಣ್ಣೋರು ಮನೇಲಿ ಯಾರೂ ಇಲ್ಲ."

"ಮೂರು ತರ್ತೀನಿ," ಎಂದಳು. "ಅಮ್ಮನ ಫೋಟೋ ಮುಂದೆ ಒಂದು ಇಡೋಣ."