ಹಡಗುಪಡೆಯ ಪಾರುಪತ್ಯಗಾರ ನುಂಗಿಕೊಂಡ ಮಾತು

ಹಡಗುಗಳಿಗೆ ಜೀವವಿದ್ದ ಕಾಲ ಅದು. ಆಗ ಕಡಲ ಅಂಚಿನಲ್ಲಿ ಅಲೆಗೇರಿ ಎಂಬ ರಾಜ್ಯವಿತ್ತು. ಪದುಮಲೆ ಎಂಬ ರಾಣಿ ಅದನ್ನು ಆಳುತ್ತಿದ್ದಳು. ಅವಳ ಬಂದರಿನಲ್ಲಿ ಹಂಸದ ಕೊರಳಿನ ಹಡಗುಗಳು ಸಾಲಾಗಿ ನಿಂತಿರುತ್ತಿದ್ದವು. ಮರದ ಹಡಗುಗಳೇ, ಆದರೆ ಕಣ್ಣು ಬಿಡುತ್ತಿದ್ದವು, ಕೊರಳು ತಿರುಗಿಸಿ ನೋಡುತ್ತಿದ್ದವು, ಅಪರೂಪಕ್ಕೆ ಮಾತಾಡುತ್ತಿದ್ದವು, ಹಸಿವಾದರೆ ಎಳ್ಳೆಣ್ಣೆ ಕುಡಿಯುತ್ತಿದ್ದವು.

ಈ ಹಡಗುಪಡೆಗೆ ಇಬ್ಬರು ಹಿರಿಯರು. ಒಬ್ಬ ದಳವಾಯಿ. ಯುದ್ಧ ಅವನದು. ಇನ್ನೊಬ್ಬ ಪಾರುಪತ್ಯಗಾರ. ಪಡೆಯವರ ಊಟ, ಬಟ್ಟೆ, ಗಾಯಾಳುಗಳ ಆರೈಕೆ, ಹಾಯಿ, ಹಗ್ಗ ಎಲ್ಲ ಅವನದು. ಇವೆಲ್ಲಕ್ಕಿಂತ ದೊಡ್ಡದಾದ ಇನ್ನೊಂದು ಹೊಣೆಯೂ ಅವನದೇ. ಅವನು ಬಂದು ಹಡಗಿನ ಕೊರಳ ಮೇಲೆ ಅಂಗೈ ಇಟ್ಟು "ಹೋಗಿ ಬಾ" ಎಂದು ಹೇಳದೆ ಯಾವ ಹಡಗೂ ಯುದ್ಧಕ್ಕೆ ಹೊರಡುತ್ತಿರಲಿಲ್ಲ. ದಳವಾಯಿ ಎಷ್ಟೇ ಕೂಗಿದರೂ ಕಣ್ಣು ಮುಚ್ಚಿಕೊಂಡು ನಿಂತೇ ಇರುತ್ತಿದ್ದವು.

ಪಾರುಪತ್ಯಗಾರನಾಗುವವನು ಹುಟ್ಟಿದಾರಭ್ಯ ಕತ್ತಿ ಹಿಡಿದಿರಬಾರದು. ಅದು ಅಲೆಗೇರಿಯ ಕಟ್ಟಳೆ. ರಾಣಿಯ ಮುತ್ತಜ್ಜಿಯ ಕಾಲದಲ್ಲಿ ಒಬ್ಬ ದಳವಾಯಿ ತನ್ನ ಸ್ವಂತ ಹಗೆ ತೀರಿಸಿಕೊಳ್ಳಲು ಇಡೀ ಪಡೆಯನ್ನು ಕೊಂಡೊಯ್ದು ಮುಳುಗಿಸಿದ್ದನಂತೆ. ಆ ಮುತ್ತಜ್ಜಿ ಅತ್ತು ಅತ್ತು, ಕೊನೆಗೆ ಕಣ್ಣೊರೆಸಿಕೊಂಡು ಈ ಕಟ್ಟಳೆ ಮಾಡಿದಳಂತೆ.

ಪದುಮಲೆಯ ಕಾಲದ ಪಾರುಪತ್ಯಗಾರನ ಹೆಸರು ದೇವರಸ. ಅವನು ಮೊದಲು ಮೀನುಗಾರರ ಬಲೆಯ ಜಗಳ ಬಗೆಹರಿಸುತ್ತಿದ್ದವನು. ಬಲೆ ಯಾರದು, ಯಾವಾಗ ಹಾಕಿದೆ, ಗಾಳಿ ಯಾವ ಕಡೆಗಿತ್ತು ಎಂದು ಕೇಳುತ್ತಾ ಕೇಳುತ್ತಾ ಹೋದರೆ ಸುಳ್ಳು ಹೇಳುವವನು ತಾನಾಗಿಯೇ ಸುಸ್ತಾಗಿ ನಿಜ ಹೇಳಿಬಿಡುತ್ತಿದ್ದ. ರಾಣಿ ಅದನ್ನು ನೋಡಿಯೇ ಅವನನ್ನು ಕರೆಸಿದ್ದಳು.

ದಳವಾಯಿಯ ಹೆಸರು ಕಾಚನಾಯಕ. ಎದೆಯ ತುಂಬ ಗಾಯದ ಗೆರೆಗಳಿದ್ದವನು, ಮಾತು ಕಡಿಮೆ. ಅವನ ಎದುರು ನಿಂತಾಗಲೆಲ್ಲ ದೇವರಸನಿಗೆ ತನ್ನ ಮೆತ್ತಗಿನ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುತ್ತಿರಲಿಲ್ಲ.

ಹೀಗಿರುವಾಗ, ಕಡಲಿನ ನಡುವೆ ಯಾರೂ ವಾಸವಿಲ್ಲದ ಕರಿದಿಬ್ಬ ಎಂಬ ದ್ವೀಪಕ್ಕೆ ಶಂಖಕಂಠನೆಂಬ ಮಾಂತ್ರಿಕ ಬಂದು ಸೇರಿಕೊಂಡ. ಅವನ ಗಂಟಲಿನಲ್ಲಿ ಒಂದು ಶಂಖ ಬೆಳೆದಿತ್ತು. ಹಿಡಿದು ತಂದವರ ದನಿಯನ್ನೂ ಕೇಳಿಸಿಕೊಂಡ ಸದ್ದನ್ನೂ ಆ ಶಂಖದಲ್ಲಿ ತುಂಬಿಟ್ಟುಕೊಳ್ಳುತ್ತಿದ್ದ, ಬೇಕಾದಾಗ ಬೇಕಾದ ಕಡೆಯಿಂದ ಕೇಳಿಸುವಂತೆ ಬೇಕಾದ ದನಿಯಲ್ಲಿ ಕೂಗುತ್ತಿದ್ದ. ಅವನಿಗೊಂದು ಸಾಕುಪ್ರಾಣಿ. ಮೊಸಳೆಯ ಮೊಗ, ಹಾವಿನ ಮೈ. ಅದು ಬಾಯಿ ತೆರೆದರೆ ಎರಡು ದೋಣಿ ಹಿಡಿಯುತ್ತಿತ್ತು.

ಮೊದಲನೆಯ ಸಲ, ತೆಂಕಣ ದಿಕ್ಕಿನಿಂದ ರಣಭೇರಿಯ ಸದ್ದು ಬಂತು. ಊರೆಲ್ಲ ಗಾಬರಿಯಾಯಿತು. ಕಾಚನಾಯಕ ಬಂದ.

"ಪಾರುಪತ್ಯಗಾರರೇ, ಶತ್ರುವಿನ ಭೇರಿ ಕೇಳಿಸುತ್ತಿದೆ. ಹಡಗು ಬಿಡಿಸಿ."

"ಭೇರಿ ಕೇಳಿಸುತ್ತಿದೆ, ದಳವಾಯಿಗಳೇ. ಹಾಯಿ ಯಾರಿಗಾದರೂ ಕಾಣಿಸಿತೇ?"

"ಇಲ್ಲ."

"ಹಾಗಾದರೆ ಒಂದು ಮೀನು ದೋಣಿ ಹೋಗಿ ನೋಡಿಬರಲಿ. ಆಮೇಲೆ ಬಿಡೋಣ."

ಮೀನು ದೋಣಿ ಹೋಗಿ ನೋಡಿತು. ತೆಂಕಣದಲ್ಲಿ ಬರೀ ನೀರು. ಅದೇ ಹೊತ್ತಿಗೆ ಬಡಗಣ ದಿಕ್ಕಿನಿಂದ ಮೊಸಳೆಮೊಗದ ಹಾವು ಬಂದರಿನ ಬಾಯಿಗೆ ಬಂತು, ಹಡಗುಗಳೆಲ್ಲ ನಿಂತಲ್ಲೇ ನಿಂತಿದ್ದನ್ನು ಕಂಡಿತು, ಹಿಂದಕ್ಕೆ ಮುಳುಗಿತು. ಜನರೆಲ್ಲ ದೇವರಸನನ್ನು ಕೊಂಡಾಡಿದರು. ಕಾಚನಾಯಕ ತಲೆಬಾಗಿಸಿ ಹೋದ.

ಎರಡನೆಯ ಸಲ, ಮುತ್ತುಗುಪ್ಪೆ ಎಂಬ ಮೀನುಗಾರರ ಹಳ್ಳಿಯ ಕಡೆಯಿಂದ ಕೂಗು ಬಂತು. "ಉಳಿಸಿ, ಉಳಿಸಿ!"

ಕಾಚನಾಯಕ ಬಂದ. "ಪಾರುಪತ್ಯಗಾರರೇ, ಹಡಗು ಬಿಡಿಸಿ."

"ಹೋದ ಸಲದ ಭೇರಿಯೂ ಹೀಗೇ ಕೇಳಿಸಿತ್ತಲ್ಲ, ದಳವಾಯಿಗಳೇ. ಮೀನು ದೋಣಿ ಹೋಗಿಬರಲಿ."

ಮೀನು ದೋಣಿ ಹೋಯಿತು. ಈ ಸಲ ಕೂಗು ನಿಜವಾಗಿತ್ತು. ದೋಣಿಯವರು ನೋಡಿ, ತಿರುಗಿ ಬಂದು ಹೇಳಿ, ದೇವರಸ ಓಡಿಹೋಗಿ ಹಡಗಿನ ಕೊರಳು ಮುಟ್ಟಿ, ಪಡೆ ಅಲ್ಲಿಗೆ ತಲುಪುವ ಹೊತ್ತಿಗೆ ಹಾವು ಅರ್ಧ ಹಳ್ಳಿಯನ್ನು ಬಾಯಲ್ಲಿ ಹೊತ್ತು ಕರಿದಿಬ್ಬಕ್ಕೆ ಹೋಗಿಬಿಟ್ಟಿತ್ತು. ಮುರಿದ ಗುಡಿಸಲು, ಮಗುಚಿದ ದೋಣಿ, ಒಲೆಯ ಮೇಲೆ ಇನ್ನೂ ಕುದಿಯುತ್ತಿದ್ದ ಗಂಜಿ.

ಉಳಿದವರು ಅಲೆಗೇರಿಗೆ ನಡೆದು ಬಂದರು. ಗಂಡನನ್ನು ಹಾವು ಹೊತ್ತೊಯ್ದಿದ್ದ ಒಬ್ಬ ಹೆಂಗಸು ದೇವರಸನ ಮುಂದೆ ನಿಂತು, ಕಂಕುಳ ಮಗುವನ್ನು ಸರಿಸಿಕೊಂಡು, ಅವನ ಕಾಲ ಬಳಿ ಉಗಿದಳು. "ನೀನು ಕೇಳುತ್ತಾ ಕೂತಿರು" ಎಂದಳು.

ಅಂದಿನಿಂದ ಅವನು ಬಂದರಿಗೆ ಬಂದರೆ ಹುಟ್ಟು ಹಾಕುವವರು ಬೆನ್ನು ತಿರುಗಿಸುತ್ತಿದ್ದರು. "ಕತ್ತಿ ಹಿಡಿಯದವನಿಗೆ ಧೈರ್ಯ ಎಲ್ಲಿಂದ ಬರಬೇಕು" ಎಂದು ಯಾರೋ ಹೇಳಿದರು, ಅವನಿಗೆ ಕೇಳಿಸಲಿ ಎಂದೇ ಹೇಳಿದರು. ದೇವರಸ ಕೇಳಿಸಿಕೊಂಡ. ಮನೆಗೆ ಹೋಗಿ, ಬಡಿಸಿದ ತಟ್ಟೆಯನ್ನು ಹಾಗೇ ಸರಿಸಿ ಎದ್ದ.

ಮೂರನೆಯ ಸಲ, ಕರಿದಿಬ್ಬದ ಕಡೆಯಿಂದಲೇ ಕೂಗು ಬಂತು. ಮುತ್ತುಗುಪ್ಪೆಯವರ ದನಿ. ಗಂಡಸರ ದನಿ, ಹೆಂಗಸರ ದನಿ, ಮಕ್ಕಳ ದನಿ. "ಬನ್ನಿ, ಬಿಡಿಸಿಕೊಂಡು ಹೋಗಿ!" ಎಂದು ಒಟ್ಟಿಗೆ ಅಳುತ್ತಿದ್ದವು. ಬಂದರಿನಲ್ಲಿದ್ದವರೂ ಅಳತೊಡಗಿದರು. ಪಡೆಯವರು ಆಗಲೇ ಹಡಗು ಹತ್ತಿ ಕೂತಿದ್ದರು.

ದೇವರಸ ದಡದಲ್ಲಿ ನಿಂತು ಕಿವಿಗೊಟ್ಟು ಕೇಳಿದ. ಎಷ್ಟೊಂದು ದನಿ. ಆದರೆ ಉಸಿರು ತೆಗೆದುಕೊಳ್ಳಲು ಎಲ್ಲವೂ ಒಂದೇ ಸಲ ನಿಲ್ಲುತ್ತಿದ್ದವು. ಮತ್ತೆ ಒಂದೇ ಸಲ ಶುರುವಾಗುತ್ತಿದ್ದವು. ಅಷ್ಟು ಜನ ಒಂದೇ ಗಳಿಗೆಗೆ ಉಸಿರೆಳೆದುಕೊಳ್ಳುವುದು ಹೇಗೆ?

ಕಾಚನಾಯಕ ಬಂದು ಅವನೆದುರು ನಿಂತ. "ಪಾರುಪತ್ಯಗಾರರೇ" ಎಂದ. ಈ ಸಲ ಹಡಗು ಬಿಡಿಸಿ ಎನ್ನಲಿಲ್ಲ. ಸುಮ್ಮನೆ ದೇವರಸನ ಮುಖವನ್ನೇ ನೋಡಿದ. ಬಹಳ ಹೊತ್ತು ನೋಡಿದ.

ದೇವರಸನ ನಾಲಗೆಯ ತುದಿಗೆ ಪ್ರಶ್ನೆ ಬಂದಿತ್ತು. ಸುತ್ತ ಜನ ನಿಂತಿದ್ದರು. ಮಗುವನ್ನು ಎತ್ತಿಕೊಂಡ ಆ ಹೆಂಗಸೂ ನಿಂತಿದ್ದಳು. ಮತ್ತೆ ಕೇಳುತ್ತಾ ಕೂತರೆ ಇವರೆಲ್ಲ ನನ್ನನ್ನು ಹೇಡಿ ಅನ್ನುತ್ತಾರೆ, ಅಂದುಕೊಂಡ ಅವನು. ಯುದ್ಧ ಬಲ್ಲ ದಳವಾಯಿಯೇ ಸುಮ್ಮನಿರುವಾಗ ನನ್ನದೇನು, ಅಂದುಕೊಂಡ. ಬಂದ ಮಾತನ್ನು ನುಂಗಿಕೊಂಡ.

ಒಂದೊಂದೇ ಹಡಗಿನ ಕೊರಳಿಗೆ ಅಂಗೈ ಇಟ್ಟ. "ಹೋಗಿ ಬಾ. ಹೋಗಿ ಬಾ. ಹೋಗಿ ಬಾ." ಕೊನೆಯ ಹಡಗಿನ ಮೇಲಿದ್ದ ಭರಮನೆಂಬ ಹುಟ್ಟುಗಾರ ನಕ್ಕು, "ಇವತ್ತು ಬೇಗ ಬಿಟ್ಟಿರಲ್ಲ, ಅಯ್ಯನವರೇ!" ಎಂದು ಕೂಗಿದ. ದಡದಲ್ಲಿದ್ದ ಅವನ ಅಕ್ಕ ಕಾಳವ್ವ, "ಹುಷಾರು ಕಣೋ" ಎಂದಳು. ಜನ ಜಯಕಾರ ಹಾಕಿದರು. ದೇವರಸನಿಗೆ ಆ ಜಯಕಾರ ಹಿತವಾಗಿತ್ತು. ಮುಂದೆ ಅವನಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿದ್ದು ಅದೇ, ಆ ಹಿತ.

ಹಡಗುಗಳು ಹೋದವು. ದಿನಗಳು ಕಳೆದವು. ಒಂದು ಬೆಳಿಗ್ಗೆ ಒಂದೇ ಒಂದು ಹಡಗು ತಿರುಗಿ ಬಂತು. ಮೇಲೆ ಯಾರೂ ಇರಲಿಲ್ಲ. ಕೊರಳನ್ನು ನೀರಿಗೆ ಇಳಿಬಿಟ್ಟುಕೊಂಡು ಬಂದು, ದಡಕ್ಕೆ ತಲೆಯಿಟ್ಟು, ಮಾತಾಡಿತು. "ಕರಿದಿಬ್ಬದ ಮರಳಿಗೆ ಮಾಂತ್ರಿಕ ಮಂತ್ರ ಹಾಕಿದ್ದಾನೆ. ಕಬ್ಬಿಣ ಹಿಡಿದು ಕಾಲಿಟ್ಟವರೆಲ್ಲ ಹವಳವಾಗಿ ನಿಂತರು. ದಳವಾಯಿಯೂ ನಿಂತ."

ದೇವರಸ ಅರಮನೆಗೆ ಹೋಗಿ ರಾಣಿಯ ಮುಂದೆ ನೆಲಕ್ಕೆ ಕೂತುಬಿಟ್ಟ.

"ತಾಯೀ, ತಪ್ಪು ನನ್ನದು. ಆ ಕೂಗು ಸುಳ್ಳೆಂದು ನನ್ನ ಮನಸ್ಸಿಗೆ ಹೊಳೆದಿತ್ತು. ಕೇಳಲಿಲ್ಲ. ನಾನೇ ಹೋಗುತ್ತೇನೆ."

"ದೇವರಸರೇ, ನೀವು ಕತ್ತಿ ಹಿಡಿದವರಲ್ಲ. ಅಲ್ಲಿ ಹೋಗಿ ಏನು ಮಾಡುತ್ತೀರಿ?" ಎಂದಳು ಪದುಮಲೆ.

"ಕತ್ತಿ ಹಿಡಿದವರು ಅಲ್ಲಿ ಹವಳವಾಗುತ್ತಾರೆ, ತಾಯೀ. ನಾನು ಆಗುವುದಿಲ್ಲ. ಮೊದಲೇ ನಾನು ಹೋಗಬಹುದಿತ್ತು."

ರಾಣಿ ಹೋಗಿ ಎಂದು ಕೈಸನ್ನೆ ಮಾಡಿದಳು. ಅವನು ತಿರುಗಿ ಬಂದ ಹಡಗಿನ ಮೇಲಿದ್ದ ಕಬ್ಬಿಣವನ್ನೆಲ್ಲ, ಸೌಟನ್ನೂ ಬಿಡದೆ, ಕೆಳಗಿಳಿಸಿ ಹೊರಟ.

ಕರಿದಿಬ್ಬ ಹತ್ತಿರವಾದಾಗ ಮೊಸಳೆಮೊಗದ ಹಾವು ನೀರಿನಿಂದೆದ್ದು ಅಡ್ಡ ನಿಂತಿತು. "ಯಾರನ್ನು ಕೊಲ್ಲಲು ಬಂದೆ?" ಎಂದಿತು.

"ಯಾರನ್ನೂ ಇಲ್ಲ. ನಿನ್ನ ಒಡೆಯನ ಹತ್ತಿರ ಒಂದು ಮಾತು ಕೇಳುವುದಿದೆ."

ಹಾವು ಅವನನ್ನು ಮೂಸಿ ನೋಡಿತು. ಕಬ್ಬಿಣದ ವಾಸನೆ ಬರಲಿಲ್ಲ. ದಾರಿ ಬಿಟ್ಟಿತು.

ಉಳಿದ ಹಡಗುಗಳು ಕಣ್ಣು ಮುಚ್ಚಿಕೊಂಡು ನೀರಿನಲ್ಲೇ ನಿಂತಿದ್ದವು. ದಡದ ಮರಳಿನ ಮೇಲೆ ಪಡೆಯವರು ಕೆಂಪು ಹವಳವಾಗಿ ನಿಂತಿದ್ದರು. ಕಾಚನಾಯಕ ಎಲ್ಲರಿಗಿಂತ ಮುಂದೆ, ಹಿಂದಿದ್ದವರನ್ನು ತಡೆಯಲು ಕೈ ಚಾಚಿ ನಿಂತಿದ್ದ. ನೀರಿನ ಅಂಚಿನಲ್ಲಿದ್ದ ಕೆಲವರನ್ನು ಅಲೆ ಬಡಿದು ಮುರಿದುಹಾಕಿತ್ತು. ಹವಳದ ಚೂರುಗಳು ನೊರೆಯಲ್ಲಿ ಹೊರಳಾಡುತ್ತಿದ್ದವು. ದೇವರಸ ಬಗ್ಗಿ ಒಂದು ಚೂರನ್ನು ಎತ್ತಿಕೊಂಡ. ಅದರಲ್ಲಿ ಹುಟ್ಟು ಹಿಡಿದ ಬೆರಳುಗಳಿದ್ದವು. ಆಮೇಲೆ ಅದನ್ನು ಅಲೆ ತಾಗದ ಕಡೆ ಇಟ್ಟು, ಮುಂದೆ ನಡೆದ.

ಗುಹೆಯ ಬಾಗಿಲಲ್ಲಿ ಮುತ್ತುಗುಪ್ಪೆಯ ಜನ ಕೂತಿದ್ದರು. ಬಾಯಿ ಆಡಿಸುತ್ತಿದ್ದರು, ದನಿಯಿರಲಿಲ್ಲ. ಅವರ ದನಿಗಳೆಲ್ಲ ಒಳಗಿನಿಂದ ಕೇಳಿಬರುತ್ತಿದ್ದವು. "ಹಿಂದಕ್ಕೆ ಹೋಗು ದೇವರಸ" ಎಂದು ಒಬ್ಬ ಹೆಂಗಸಿನ ದನಿ ಹೇಳಿತು. "ನಮ್ಮನ್ನು ಕೊಂದವನು ನೀನೇ" ಎಂದು ಭರಮನ ದನಿ ಹೇಳಿತು. ಅದು ಮಾಂತ್ರಿಕನ ಮಾತೆಂದು ದೇವರಸನಿಗೆ ಗೊತ್ತಿತ್ತು. ಆದರೂ "ಹೌದಪ್ಪಾ" ಎಂದೇ ಒಳಗೆ ಹೋದ.

ಶಂಖಕಂಠ ಕಲ್ಲಿನ ಮೇಲೆ ಕೂತಿದ್ದ. ಸಣ್ಣಗಿನ ಆಳು, ಗಂಟಲು ಮಾತ್ರ ಊದಿಕೊಂಡಿತ್ತು. "ಕತ್ತಿಯಿಲ್ಲದೆ ಬಂದೆಯಾ? ಏನು ಬೇಕು?" ಎಂದ, ಕಾಚನಾಯಕನ ದನಿಯಲ್ಲಿ.

"ನಾನು ಬಲೆಯ ನ್ಯಾಯ ಹೇಳುತ್ತಿದ್ದವನು. ಯಾವುದು ಯಾರದು ಎಂದು ಕೇಳುವುದೇ ನನ್ನ ಕೆಲಸ. ಈ ದನಿ ಯಾರದು?"

"ನನ್ನದು."

"ಇದು ದಳವಾಯಿಯದು. ನಿನ್ನದು ಯಾವುದು?"

"ಇದು" ಎಂದ ಮಾಂತ್ರಿಕ, ಹೆಂಗಸಿನ ದನಿಯಲ್ಲಿ.

"ಇದು ಮುತ್ತುಗುಪ್ಪೆಯದು. ನಿನ್ನದು ಯಾವುದು?"

"ಇದು!" ಎಂದ, ಮಗುವಿನ ದನಿಯಲ್ಲಿ.

"ಅದೂ ಅಲ್ಲ. ನೀನು ಹುಟ್ಟಿದಾಗ ಅತ್ತೆಯಲ್ಲ, ಆ ದನಿ ಎಲ್ಲಿ? ಅದರಲ್ಲಿ ಒಂದೇ ಒಂದು ಮಾತಾಡು, ಸಾಕು."

ಮಾಂತ್ರಿಕ ಬಾಯಿ ತೆರೆದ. ಒಂದರ ಹಿಂದೊಂದು ದನಿ ಹೊರಬಂತು, ಯಾವುದೂ ಅವನದಲ್ಲ. ತನ್ನದನ್ನು ಹುಡುಕುತ್ತಾ ಎಲ್ಲವನ್ನೂ ಹೊರಗೆ ಹಾಕಿದ. ಶಂಖ ಬರಿದಾಯಿತು. ಬರಿದಾದದ್ದು ಟಪ್ಪೆಂದು ಸೀಳಿತು. ಶಂಖಕಂಠ ಗಂಟಲು ಹಿಡಿದುಕೊಂಡು ಕುಸಿದು, ಒಂದು ಹಿಡಿ ಮರಳಾಗಿ ಹೋದ. ಹೊರಗೆ ಹಾವು ನೀರಿಗೆ ಬಿದ್ದು ಸಾಧಾರಣ ನೀರುಹಾವಾಗಿ ಹರಿದುಹೋಯಿತು. ಗುಹೆಯ ಬಾಗಿಲಲ್ಲಿ ಜನರೆಲ್ಲ ಒಮ್ಮೆಲೇ ಮಾತಾಡತೊಡಗಿದರು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬಿದ್ದು, ಒಬ್ಬೊಬ್ಬರು ಒಂದೊಂದು ಕಡೆ ಉಸಿರೆಳೆದುಕೊಳ್ಳುತ್ತಾ.

ದಡದಲ್ಲಿ ಹವಳ ಮೆತ್ತಗಾಗಿ ಮೈಯಾಯಿತು. ಇಡಿಯಾಗಿ ನಿಂತಿದ್ದವರೆಲ್ಲ ಕಣ್ಣು ಬಿಟ್ಟರು. ಮುರಿದವರು ಮಾತ್ರ ಹವಳವಾಗಿಯೇ ಉಳಿದರು. ಭರಮ ಅವರಲ್ಲೊಬ್ಬ.

ತಿರುಗಿ ಬರುವಾಗ ಕಾಚನಾಯಕ ಹಡಗಿನಲ್ಲಿ ದೇವರಸನ ಪಕ್ಕ ಬಂದು ಕೂತ.

"ಅಯ್ಯನವರೇ, ಒಂದು ಮಾತು. ಅವತ್ತು ಆ ದನಿಗಳೆಲ್ಲ ಒಟ್ಟಿಗೆ ಉಸಿರು ತೆಗೆದುಕೊಳ್ಳುತ್ತಿದ್ದವು. ನಿಮಗೆ ಗೊತ್ತಾಯಿತೇ?"

ದೇವರಸ ಅವನ ಕಡೆ ತಿರುಗಿದ. "ಗೊತ್ತಾಯಿತು. ನಿಮಗೂ?"

"ನನಗೂ. ಆದರೆ ನನ್ನ ಹುಡುಗರು ಹಡಗು ಹತ್ತಿ ಕೂತಿದ್ದರು. ದಳವಾಯಿಯಾದವನು ಹೆದರಿದೆ ಅನ್ನಲಾರ. ಬೇಡ ಅನ್ನುವುದು ನಿಮ್ಮ ಕೆಲಸ ಅಂದುಕೊಂಡೆ. ನೀವು ಬೇಡ ಅನ್ನುತ್ತೀರಿ ಎಂದು ನಿಮ್ಮ ಮುಖವನ್ನೇ ನೋಡುತ್ತಾ ನಿಂತಿದ್ದೆ."

"ನೀವು ಸುಮ್ಮನಿದ್ದಿರಿ. ನೀವು ಬಲ್ಲವರು ಅಂದುಕೊಂಡೆ ನಾನು" ಎಂದ ದೇವರಸ.

ಬಂದರು ಬರುವವರೆಗೆ ಇಬ್ಬರೂ ಪಕ್ಕಪಕ್ಕದಲ್ಲೇ ಕೂತಿದ್ದರು.

ಅಲೆಗೇರಿಯಲ್ಲಿ ಹಬ್ಬವೋ ಹಬ್ಬ. ಮುತ್ತುಗುಪ್ಪೆಯ ಗುಡಿಸಲುಗಳು ಮತ್ತೆ ಎದ್ದವು. ಅವನ ಕಾಲ ಬಳಿ ಉಗಿದಿದ್ದ ಹೆಂಗಸು ಗಂಡನೊಂದಿಗೆ ಬಂದು ನಮಸ್ಕಾರ ಮಾಡಿದಳು. ದೇವರಸ ತನ್ನ ಕೆಲಸ ಬಿಡುತ್ತೇನೆಂದ. ರಾಣಿ ಬಿಡಲಿಲ್ಲ. "ಈ ಭಾರವನ್ನು ಇನ್ನೊಬ್ಬನ ತಲೆಗೆ ಕಟ್ಟಿ ಹೋಗಬೇಡಿ" ಎಂದಳು. ಅವನು ಉಳಿದ. ಆಮೇಲೆ ಹಡಗು ಬಿಡುವ ಮೊದಲು ಅವನು ಕೇಳುತ್ತಿದ್ದ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ಕಾಚನಾಯಕ ಎಲ್ಲಕ್ಕೂ ಉತ್ತರ ಕೊಡುತ್ತಿದ್ದ, ತನಗನಿಸಿದ್ದನ್ನೂ ಬಾಯಿಬಿಟ್ಟು ಹೇಳುತ್ತಿದ್ದ. ದೇವರಸನ ಕಾಲದಲ್ಲಿ ಮತ್ತೊಂದು ಯುದ್ಧವಾಗಲಿಲ್ಲ.

ಆದರೆ ಹಬ್ಬದ ಮರುದಿನವೇ ಅವನು ಕಾಳವ್ವನ ಮನೆಗೆ ಹೋಗಿದ್ದ. ಅವಳು ಜಗುಲಿಯ ಮೇಲೆ ಮೀನು ಹೆಚ್ಚುತ್ತಿದ್ದಳು. ಎದ್ದು ನಿಲ್ಲಲಿಲ್ಲ.

"ಕೂತ್ಕೊಳ್ಳಿ ಒಡೆಯಾ. ಒಂದು ಕೇಳ್ತೀನಿ, ನಿಜ ಹೇಳಿ. ನಿಮಗೆ ಅನುಮಾನ ಬಂದಿತ್ತಂತೆ. ಹೌದಾ?"

"ಹೌದು ತಾಯಿ."

"ಮತ್ತೆ ಯಾಕೆ ಕೇಳಲಿಲ್ಲ?"

ರಾಣಿ ಕೇಳಿದ್ದರೆ ಹೇಳಲು ಅವನ ಹತ್ತಿರ ಕಾರಣಗಳಿದ್ದವು. ಜನ ಅಳುತ್ತಿದ್ದರು, ಹಿಂದಿನ ಸಲ ತಡವಾಗಿತ್ತು, ದಳವಾಯಿ ಸುಮ್ಮನಿದ್ದ. ಕಾಳವ್ವನ ಮುಂದೆ ಅವು ಯಾವುವೂ ಬಾಯಿಗೆ ಬರಲಿಲ್ಲ.

"ನಾಚಿಕೆಯಾಯಿತು ತಾಯಿ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು."

ಕಾಳವ್ವ ಕೈ ನಿಲ್ಲಿಸಿ ಅವನನ್ನು ನೋಡಿದಳು. ಬೈಯಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ. ಮತ್ತೆ ಮೀನು ಹೆಚ್ಚತೊಡಗಿದಳು. ದೇವರಸ ಜಗುಲಿಯ ತುದಿಯಲ್ಲಿ ಕೂತೇ ಇದ್ದ. ಎದ್ದು ಹೋಗಿ ಎಂದು ಅವಳು ಅನ್ನಲಿಲ್ಲ, ಅವನು ಏಳಲೂ ಇಲ್ಲ.

ಅಲೆಗೇರಿಯ ಜನ ಮಕ್ಕಳು ಮೊಮ್ಮಕ್ಕಳೊಂದಿಗೆ ತಣ್ಣಗೆ ಬಾಳಿದರು, ಹಡಗುಗಳು ಎಳ್ಳೆಣ್ಣೆ ಕುಡಿದು ಬಂದರಿನಲ್ಲಿ ತೂಕಡಿಸಿದವು. ದೇವರಸನೂ ಬಹುಕಾಲ ಬಾಳಿದ. ಬಿಡುವಾದ ಸಂಜೆಗಳಲ್ಲಿ ಅವನನ್ನು ಹುಡುಕಿಕೊಂಡು ಹೋದವರಿಗೆ ಅವನು ಕಾಳವ್ವನ ಜಗುಲಿಯ ಮೇಲೆ ಸಿಗುತ್ತಿದ್ದ.