ಮುಚ್ಚಿದ ಕಣ್ಣಿನ ಪದರ

ನವೆಂಬರ್ 14, ಮಂಗಳವಾರ, ಬೆಳಿಗ್ಗೆ 8.40. ಸೈದಾ ಪಟ್ಟಣದ ಹಳೇಪೇಟೆಯ ಪೊಲೀಸ್ ಠಾಣೆಗೆ ಸತ್ತವನೊಬ್ಬ ದೂರು ಕೊಡಲು ಬಂದ.

ಹಾಜಿ ರಿಫತ್ ಸಬ್ಬಾಗ್, ಎಪ್ಪತ್ತೊಂದು ವರ್ಷ, ಬಂದರು ರಸ್ತೆಯಲ್ಲಿ ಬಿಸ್ಕತ್ತಿನ ಅಂಗಡಿ. ಗೋಡೆಯಿಂದ ಕಿತ್ತು ತಂದ ಕಾಗದವನ್ನು ಅವರು ಮೇಜಿನ ಮೇಲೆ ಹರಡಿದರು. ಕಪ್ಪು ಅಂಚಿನ ಮರಣಪತ್ರ. ಊರಿನಲ್ಲಿ ಯಾರು ಸತ್ತರೂ ಅಂಥದ್ದೊಂದು ಗೋಡೆಗಳ ಮೇಲೆ ಬೀಳುತ್ತದೆ; ಸತ್ತವರ ಹೆಸರು, ಕೆಳಗೆ ಉಳಿದವರೆಲ್ಲರ ಹೆಸರು. ಇದರಲ್ಲಿ ಸತ್ತವರು ಹಾಜಿಯೇ. ಬೆಳಗಿನ ನಮಾಜಿಗೆ ಹೊರಟವರನ್ನು ಹಿಟ್ಟಿನ ವ್ಯಾಪಾರಿ ದಾರಿಯಲ್ಲಿ ಕಂಡು ಕಿರುಚಿಕೊಂಡನಂತೆ. ಅಂಗಡಿಗೆ ಬಂದರೆ, ಬಾಗಿಲಲ್ಲಿ ನೆರೆಯವರು ಸಾವಿನ ಮನೆಗೆ ಒಯ್ಯುವ ಕಹಿ ಕಾಫಿಯ ಹೂಜಿ ಹಿಡಿದು ನಿಂತಿದ್ದರು.

ಹೆಡ್ ಕಾನ್ಸ್‌ಟೇಬಲ್ ನಝೀಹ್ ಎಫ್‌ಐಆರ್ ಬರೆಯತೊಡಗಿದ. ಪತ್ರದಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಇಳಿಸಿಕೊಂಡ: ಗಂಡುಮಕ್ಕಳು ನಬೀಲ್, ಗಸ್ಸಾನ್, ಮಗಳು ರಬಾಬ್.

"ಆ ಕೊನೇ ಹೆಸರು ಬರೀಬೇಡ," ಎಂದರು ಹಾಜಿ. "ನಂಗೆ ಮಗಳಿಲ್ಲ."

ಠಾಣಾಧಿಕಾರಿ ವಿಸಾಮ್ ಹಿಬ್ಲಿ ತಲೆಯೆತ್ತಿದ. ಸಾವಿನ ಸುಳ್ಳಿಗಿಂತ ಆ ಒಂದು ಸಾಲು ಮುದುಕರನ್ನು ಹೆಚ್ಚು ಕೆಣಕಿತ್ತು. ಕೇಳಿದ್ದಕ್ಕೆ ಚುಟುಕಾಗಿ ಉತ್ತರ ಬಂತು. ಒಂಬತ್ತು ವರ್ಷದ ಹಿಂದೆ ತಮಗೆ ಬೇಡದವನನ್ನು ಮದುವೆಯಾದಳು. ಅಂದಿನಿಂದ ಮನೆಯಲ್ಲಿ ಆ ಹೆಸರಿಲ್ಲ. ಸೆಪ್ಟೆಂಬರಿನಲ್ಲಿ ಹೆಂಡತಿ ಸುಹೈಲಾ ತೀರಿಕೊಂಡಾಗ ಅಚ್ಚಾದ ಪತ್ರದಲ್ಲೂ ಇರಲಿಲ್ಲ.

ಹಾಜಿ ಹೋದ ಮೇಲೆ ನಝೀಹ್ ಗೊಣಗಿದ, "ಸತ್ತೋರೇ ಬಂದು ಸಹಿ ಹಾಕಿದ್ರೆ ಶವದ ಪಂಚನಾಮೆ ಯಾರ್ ಮುಂದೆ ಮಾಡೋದು ಸಾಹೇಬ್ರೇ?"

ಮಾಡಿದ್ದು ಗೋಡೆಗಳ ಪಂಚನಾಮೆ. 10.15ರ ಹೊತ್ತಿಗೆ ಮೂವತ್ತನಾಲ್ಕು ಪ್ರತಿಗಳು ಸಿಕ್ಕವು. ಅನುಮಾನ ಮಗಳ ಮೇಲೆ ಬೀಳುವುದು ಸಹಜ; ಅದಕ್ಕೇ ವಿಸಾಮನಿಗೆ ಅಷ್ಟು ಸುಲಭವಾಗಿ ನಂಬುವ ಮನಸ್ಸಾಗಲಿಲ್ಲ. ಪತ್ರದಲ್ಲಿ ಹೆಸರಿದ್ದ ಮಾತ್ರಕ್ಕೆ ಅವಳೇ ಅಂಟಿಸಿರಬೇಕೆಂದೇನಿಲ್ಲ. ಒಂದು ಪ್ರತಿಯನ್ನು ಕಿಟಕಿಯ ಬಳಿ ಓರೆಯಾಗಿ ಹಿಡಿದ. ಹಾಜಿಯ ಹೆಸರಿನ ಹಿಂದೆ, ಒರೆಸಿದ ಹಲಗೆಯಲ್ಲಿ ಉಳಿದ ಸೀಮೆಸುಣ್ಣದಂತೆ, ಬೂದುಬಣ್ಣದ ಇನ್ನೊಂದು ಹೆಸರು ತೇಲುತ್ತಿತ್ತು. ಸುಹೈಲಾ. ಎರಡನೆಯ ಪ್ರತಿಯಲ್ಲೂ ಅದೇ, ಮೂರನೆಯದರಲ್ಲೂ ಅದೇ.

ಸುಹೈಲಾಳ ಪತ್ರ ತಯಾರಾಗಿದ್ದು ಕೋಟೆ ಬೀದಿಯ ಮುದ್ರಣಾಲಯದಲ್ಲಿ. ಅಲ್ಲಿನ ವಿನ್ಯಾಸಕಾರ ಇಮಾದ್ ಊರಿನ ಸಾವುಗಳನ್ನೆಲ್ಲ ಇಪ್ಪತ್ತು ವರ್ಷದಿಂದ ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದವನು. ಕಾಗದ ನೋಡಿದವನೇ ಎದ್ದು ಬಾಗಿಲು ಹಾಕಿ ಬಂದ.

"ಇದು ನಾನ್ ಮಾಡಿದ್ದಲ್ಲ. ಆದ್ರೆ ನನ್ನ ಫೈಲೇ."

"ಹೆಂಗೆ ಗೊತ್ತಾಯ್ತು?"

ಇಮಾದ್ ಸುಹೈಲಾಳ ಸೆಪ್ಟೆಂಬರಿನ ಫೈಲು ತೆರೆದು ತೋರಿಸಿದ; ಅಂಚು, ಅಕ್ಷರ ಎಲ್ಲ ಅದೇ. ಪರದೆಯ ಬಲಗಡೆ ಪದರಗಳ ಸಾಲು. ತಳದಲ್ಲಿ ಬಿಳಿ ಹಾಳೆ, ಅದರ ಮೇಲೆ ಕಪ್ಪು ಅಂಚು, ಅದರ ಮೇಲೆ ಒಂದೊಂದು ಸಾಲು ಬರಹಕ್ಕೂ ಒಂದೊಂದು ಪದರ, ಗಾಜಿನ ಮೇಲೆ ಗಾಜು ಇಟ್ಟ ಹಾಗೆ. ಪ್ರತಿಯೊಂದರ ಪಕ್ಕ ಪುಟ್ಟದೊಂದು ಕಣ್ಣಿನ ಚಿತ್ರ. ಕಣ್ಣು ಒತ್ತಿದರೆ ಆ ಸಾಲು ಮಾಯ, ಮತ್ತೆ ಒತ್ತಿದರೆ ಹಾಜರು. ವಿಸಾಮ್ ಮೌಸನ್ನು ತಾನೇ ತೆಗೆದುಕೊಂಡು ನಬೀಲನನ್ನು ಮರೆಮಾಡಿ ಮತ್ತೆ ಕರೆದ, ಗಸ್ಸಾನನನ್ನು ಮರೆಮಾಡಿ ಮತ್ತೆ ಕರೆದ. ನಝೀಹ್ ಕೆಮ್ಮಿದ ಮೇಲೆ ಕೈ ಬಿಟ್ಟ.

ಒಂದು ಪದರದ ಕಣ್ಣು ಮಾತ್ರ ಮೊದಲಿನಿಂದಲೇ ಮುಚ್ಚಿತ್ತು. ವಿಸಾಮ್ ಅದನ್ನು ತೆರೆದ. ಮಗಳು ರಬಾಬ್.

ಮೊದಲು ತಾನು ಎಲ್ಲರ ಹೆಸರನ್ನೂ ಹಾಕಿದ್ದಾಗಿ ಇಮಾದ್ ಹೇಳಿದ. ಹಾಜಿ ಬೆನ್ನ ಹಿಂದೆ ನಿಂತು ತೆಗೆಯಲು ಹೇಳಿದರು. ಇವನು ತೆಗೆಯಲಿಲ್ಲ, ಪದರದ ಕಣ್ಣು ಮುಚ್ಚಿದ, ಅಷ್ಟೇ. ಕಾಗದಕ್ಕೆ ಎರಡೂ ಒಂದೇ.

"ಈ ಫೈಲು ಯಾರಿಗೆ ಕೊಟ್ಟೆ?"

ಇಮಾದ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ಆಯಮ್ಮ ಬಂದಿತ್ತು ಸಾಹೇಬ್ರೇ. ತಾಯಿದೊಂದು ಪ್ರತಿ ಕೊಡಿ ಅಂತು. ಕಾಗದ ಕೊಟ್ರೆ ಅದ್ರಲ್ಲಿ ಅವಳ ಹೆಸ್ರೇ ಇಲ್ಲ. ಅದಕ್ಕೆ ಪೆನ್‌ಡ್ರೈವಲ್ಲಿ ಫೈಲೇ ಹಾಕ್ಕೊಟ್ಟೆ. ಮುಚ್ಚಿರೋ ಕಣ್ಣು ನೀನೇ ತೆಗಿಯಮ್ಮ ಅಂದೆ."

ಮಧ್ಯಾಹ್ನ 2.20, ಸೂರ್ ಪಟ್ಟಣ. ಫೋಟೊ ಸ್ಟುಡಿಯೊದಲ್ಲಿ ರಬಾಬ್ ಶಾಲಾಮಕ್ಕಳ ಗುರುತಿನ ಚಿತ್ರಗಳ ಹಿನ್ನೆಲೆ ಬದಲಿಸುತ್ತಿದ್ದಳು. ಮೂವತ್ತನಾಲ್ಕರ ಹೆಣ್ಣು, ಬಿಸ್ಕತ್ತಿನ ಅಂಗಡಿಯವರದೇ ಮೂಗು. ಪೊಲೀಸರನ್ನು ಕಂಡು ಕುರ್ಚಿ ಎಳೆದು ಹಾಕಿದಳು.

"ಮಾಡಿದ್ದು ನೀವೇನಾ?"

"ನಾನೇ."

"ಅಂಟಿಸಿದ್ದು?"

"ನಾನೇ. ಮೂವತ್ತೈದು. ಒಂದು ಕಡಿಮೆ ಸಿಕ್ಕಿದ್ರೆ ಅಪ್ಪನ ಹತ್ರ ಇರತ್ತೆ."

ಸೆಪ್ಟೆಂಬರಿನಲ್ಲಿ ಅವಳಿಗೆ ಯಾರೂ ಫೋನ್ ಮಾಡಿರಲಿಲ್ಲ. ಮೀನು ಕೊಳ್ಳಲು ಸೈದಾಕ್ಕೆ ಹೋದಾಗ ಗೋಡೆಯ ಮೇಲೆ ತಾಯಿಯ ಹೆಸರು ಓದಿದಳು. ಮಣ್ಣು ಮಾಡಿ ಐದು ದಿನವಾಗಿತ್ತು. ಸಾವಿನ ನಲವತ್ತನೆಯ ದಿನಕ್ಕೆ, ಫೈಲಿನಲ್ಲಿ ಮುಚ್ಚಿದ ಕಣ್ಣು ತೆರೆದು ತಾಯಿಯ ಪತ್ರವನ್ನು ಮತ್ತೆ ಅಚ್ಚು ಹಾಕಿ ಅಂಟಿಸಿದಳು. ಅಣ್ಣಂದಿರು ಒಂದು ಗಂಟೆಯೊಳಗೆ ಹರಿದು ಹಾಕಿದರು.

"ಹಳೇ ಸಾವು ಯಾರೂ ಓದಲ್ಲ," ಎಂದಳು. "ಬದುಕಿರೋರ ಸಾವನ್ನ ಊರೆಲ್ಲ ನಿಂತು ಓದತ್ತೆ. ನಾಳೆ ಅಪ್ಪ ಹೋದಾಗ್ಲೂ ನಂಗೆ ಗೋಡೆನೇ ಹೇಳ್ಬೇಕಲ್ವಾ? ಅದಕ್ಕೆ ಮುಂಚೆ ನಾನೇ ಗೋಡೆಗೆ ಹೇಳ್ದೆ."

ವಿಸಾಮನಿಗೆ ಒಂದು ವಿಷಯ ಇನ್ನೂ ಬಗೆಹರಿದಿರಲಿಲ್ಲ. ಇಷ್ಟು ಪಳಗಿದ ಕೈ ತಾಯಿಯ ಹೆಸರನ್ನೇಕೆ ಅಳಿಸಲಿಲ್ಲ?

"ಅಳಿಸೋಕೆ ಕೈ ಬರ್ಲಿಲ್ಲ. ಮೇಲೊಂದು ಬಿಳಿ ಪದರ ಹಾಕ್ದೆ. ಪರದೇಲಿ ಚೆನ್ನಾಗೇ ಮುಚ್ಚಿತ್ತು, ಅಚ್ಚಲ್ಲಿ ಕಾಣತ್ತೆ ಅನ್ಕೊಂಡಿರ್ಲಿಲ್ಲ."

"ಕಣ್ಣು ಮುಚ್ಚಿದ್ರೆ ಆಗ್ತಿತ್ತಲ್ಲ?"

"ಅದು ಅವರು ನಂಗೆ ಮಾಡಿದ್ದು," ಎಂದಳು ರಬಾಬ್.

ಸಂಜೆ 5.05, ಸೈದಾ ಠಾಣೆ. ಬಂಧನದ ಪತ್ರ ಸಿದ್ಧವಾಯಿತು. ದೂರುದಾರರನ್ನು ಕರೆಸಿದರು. ಇಷ್ಟವಿದ್ದರೆ ದೂರು ಹಿಂತೆಗೆದುಕೊಳ್ಳಬಹುದು ಎಂದು ವಿಸಾಮ್ ತಿಳಿಸಿದ. ಹಾಜಿ ರಬಾಬ್ ಕೂತಿದ್ದ ಬೆಂಚಿನ ಕಡೆ ನೋಡದೆ ಬೇಡವೆಂದರು. ಆಪಾದಿತೆಯನ್ನು ಗುರುತಿಸಿ ಸಹಿ ಹಾಕಲು ಪೆನ್ನು ತೆಗೆದುಕೊಂಡರು. ಪೆನ್ನು ಮೂರನೆಯ ಸಾಲಿನ ಮೇಲೆ ನಿಂತಿತು.

ಆಪಾದಿತೆ: ರಬಾಬ್. ತಂದೆ: ರಿಫತ್ ಸಬ್ಬಾಗ್.

"ಇದನ್ನ ತೆಗೀರಿ."

"ತೆಗೆಯೋಕಾಗಲ್ಲ ಹಾಜಿಯೋರೇ. ತಂದೆ ಹೆಸರಿಲ್ದೆ ಬಂಧನ ಮಾಡೋಕಾಗಲ್ಲ," ಎಂದ ವಿಸಾಮ್.

ಹಾಜಿ ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ಬಿಸ್ಕತ್ತಿನ ಡಬ್ಬಿಗಳ ಮೇಲೆ ಹಾಕುವಂತೆ ಅಗಲವಾದ ಅಕ್ಷರಗಳಲ್ಲಿ ಸಹಿ ಹಾಕಿ, ದಿನಾಂಕ ಬರೆದು, ಟೋಪಿ ಸರಿಮಾಡಿಕೊಂಡು ಹೊರಟರು. ಬಾಗಿಲಲ್ಲಿ ಒಂದು ಕ್ಷಣ ತಡೆದರು, ತಿರುಗಲಿಲ್ಲ.

ರಬಾಬ್ ಬೆಂಚಿನಿಂದೆದ್ದು ಕಾಗದದ ಮೇಲೆ ಬಾಗಿದಳು. ಶಾಯಿ ಇನ್ನೂ ಹಸಿಯಾಗಿತ್ತು.

"ಸಾಹೇಬ್ರೇ," ಎಂದಳು, "ಇದರದ್ದೊಂದು ಪ್ರತಿ ನಂಗೆ ಸಿಗತ್ತಾ?"

ಆಪಾದಿತರಿಗೆ ಒಂದು ಪ್ರತಿ ಕೊಡುವುದು ನಿಯಮ. ನಝೀಹ್ ಎರಡು ತೆಗೆದುಕೊಟ್ಟ.