ಹನ್ನೊಂದರಿಂದ ಭಾಗವಾಗದ್ದು

ಅಂಗಿ ಗುಂಡಿ ಮಾಡುವ ಕಾರ್ಖಾನೆಯ ಮೂರನೇ ಪ್ರೆಸ್ಸಿನಲ್ಲಿ ಹೆಂಗಸೊಬ್ಬಳ ಬಲಗೈಯ ನಾಲ್ಕು ಬೆರಳು ಹೋದವು. ತಪ್ಪು ಅವಳದೇ ಎಂದು ಕಾರ್ಖಾನೆ ಬರೆದುಕೊಂಡು ಅವಳನ್ನು ಕೆಲಸದಿಂದ ತೆಗೆಯಿತು.

ಅವಳು ನಮ್ಮ ಕಟ್ಟಡದ ಕೊನೆಯ ಕೋಣೆಯವಳು. ಆಸ್ಪತ್ರೆಯಲ್ಲಿ ಆರು ದಿನ ಮಲಗಿದ್ದರೂ ಜೊತೆಯ ಕೆಲಸದವರು ಒಬ್ಬರೂ ಬರಲಿಲ್ಲ. ಬಂದರೆ ಅವರ ಕೆಲಸಕ್ಕೂ ಕುತ್ತು. ಹೋಗುತ್ತಿದ್ದವರು ಇಬ್ಬರೇ: ಮೇಲಿನ ಮಹಡಿಯಲ್ಲಿ ಒಂಟಿಯಾಗಿದ್ದ ನಿವೃತ್ತ ಲೆಕ್ಕದ ಟೀಚರ್ ಮತ್ತು ಅವರ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದ ನಾನು. ಏನಾದರೂ ಕಳವಾದರೆ, ಲೆಕ್ಕ ಹಾಕಿ ಹುಡುಕಿಕೊಡುತ್ತಾರೆಂದು ಕಟ್ಟಡದ ಜನ ಟೀಚರ ಬಾಗಿಲು ತಟ್ಟುತ್ತಿದ್ದರು. ಸಿಕ್ಕ ಮೇಲೆ ಯಾರೂ ತಟ್ಟುತ್ತಿರಲಿಲ್ಲ.

"ಕೈ ತಡೆಯೋ ಜಾಲರಿ ನಾನೇ ಬಿಚ್ಚಿದೆ ಅಂತಾರೆ ಟೀಚರಮ್ಮ. ಆ ಪ್ರೆಸ್ಸಿಗೆ ಜಾಲರಿ ಇದ್ದದ್ದನ್ನೇ ನಾನು ಕಂಡಿಲ್ಲ," ಎಂದು ಅವಳು, ಕೆಲಸದಿಂದ ತೆಗೆದ ಪತ್ರದ ಜೊತೆ ಬಂದಿದ್ದ ತಪಾಸಣೆ ಚೀಟಿಯ ನಕಲು ಕೊಟ್ಟಳು. ಬೆರಳು ಹೋದ ದಿನ ಬೆಳಿಗ್ಗೆ ಜಾಲರಿ ಕೂರಿಸಿ ಪರೀಕ್ಷಿಸಲಾಗಿದೆ, ಆಗ ಮೀಟರಿನಲ್ಲಿ 4,71,82,932 ಇತ್ತು ಎಂದಿತ್ತು. ಕೆಳಗೆ ಮೆಕ್ಯಾನಿಕ್‌ನ ಸಹಿ.

"ಮೀಟರು ಏನನ್ನ ಎಣಿಸ್ತದೆ?" ಎಂದರು ಟೀಚರ್.

"ಗುಂಡಿಗಳನ್ನ. ಬೇರೆ ಪ್ರೆಸ್ಸಲ್ಲಿ ಒಂದೇಟಿಗೆ ಡಜನ್ ಬೀಳ್ತವೆ, ನಂದರಲ್ಲಿ ಹನ್ನೊಂದೇ. ಎರಡು ವರ್ಷದ ಹಿಂದೆ ಹೊಸ ಅಚ್ಚು ಹಾಕಿ ಮೀಟರು ಸೊನ್ನೆಗೆ ತಂದ್ರು. ಆವಾಗಿಂದ ಹನ್ನೊಂದು ಹನ್ನೊಂದೇ ಏರ್ತದೆ."

ಟೀಚರ್ ಚೀಟಿಯನ್ನು ಬಹಳ ಹೊತ್ತು ನೋಡಿದರು. "ಗಂಟೆಯಪ್ಪ, ಇವಳು ತಪ್ಪೊಪ್ಪಿಗೆಗೆ ಹೆಬ್ಬೆಟ್ಟು ಒತ್ತುತ್ತಾಳೆ ಅಂತ ಕಾರ್ಖಾನೆಗೆ ಹೇಳಿ ಕಳಿಸು. ಓಡಿ ಬರ್ತಾರೆ."

ಮಾರನೇ ದಿನ ಯಜಮಾನ, ಮೇಸ್ತ್ರಿ, ಮೆಕ್ಯಾನಿಕ್ ಮೂವರೂ ಮಂಚದ ಸುತ್ತ ನಿಂತರು. ಅವಳನ್ನು ನೋಡಲು ಅಷ್ಟು ಜನ ಒಟ್ಟಿಗೆ ಬಂದದ್ದು ಅದೇ ಮೊದಲು.

"ಮೂರನೇ ಪ್ರೆಸ್ಸಲ್ಲಿ ಒಂದೇಟಿಗೆ ಎಷ್ಟು ಗುಂಡಿ?" ಎಂದು ಟೀಚರ್ ಯಜಮಾನನನ್ನು ಕೇಳಿದರು.

"ಡಜನ್ನು. ಅಷ್ಟೂ ಗೊತ್ತಿಲ್ದೆ ಕಾರ್ಖಾನೆ ನಡೆಸ್ತೀನಾ?"

ಮೇಸ್ತ್ರಿ ಕೆಮ್ಮಿದ. "ಹನ್ನೊಂದು, ಯಜಮಾನ್ರೇ. ದಿನಾ ಮೂಟೆ ಕಟ್ಟಿಸ್ತೀನಲ್ಲ." ಅಚ್ಚು ಕೂರಿಸಿದ ಮೆಕ್ಯಾನಿಕ್ ನೆಲ ನೋಡುತ್ತಲೇ ತಲೆಯಾಡಿಸಿದ.

"ಹಾಗಾದ್ರೆ ಕೇಳಿ," ಎಂದರು ಟೀಚರ್. "ಚೀಟಿಯ ಸಂಖ್ಯೆಯಲ್ಲಿ ಬಲದಿಂದ ಒಂದು ಬಿಟ್ಟು ಒಂದು ಅಂಕಿ ಕೂಡಿಸಿದ್ರೆ ಇಪ್ಪತ್ತಾರು. ಉಳಿದವು ಹತ್ತು. ವ್ಯತ್ಯಾಸ ಹದಿನಾರು. ಸೊನ್ನೆಯೋ ಹನ್ನೊಂದೋ ಬಂದಿದ್ರೆ ಹನ್ನೊಂದರಿಂದ ಭಾಗವಾಗ್ತಿತ್ತು. ಆಗಲ್ಲ. ಆ ಮೀಟರು ಈ ಸಂಖ್ಯೆ ಮೇಲೆ ಯಾವತ್ತೂ ನಿಂತಿಲ್ಲ. ಅಂದ್ಮೇಲೆ ಅದನ್ನ ಯಾರೂ ಹೋಗಿ ನೋಡಿಲ್ಲ, ಪರೀಕ್ಷೆನೂ ನಡೆದಿಲ್ಲ."

"ಮೆಕ್ಯಾನಿಕ್ ತಪ್ಪು ಬರೆದಿರ್ಬೇಕು," ಎಂದ ಯಜಮಾನ.

"ಅಂಕಿಗಳ ಮೊತ್ತ ಮೂವತ್ತಾರು, ಮೂರರಿಂದ ಭಾಗವಾಗ್ತದೆ," ಎಂದರು ಟೀಚರ್. " ಕೊನೆಯ ಎರಡು ಅಂಕಿ ಮೂವತ್ತೆರಡು, ನಾಲ್ಕರಿಂದ ಭಾಗವಾಗ್ತದೆ. ಇಡೀ ಸಂಖ್ಯೆ ಹನ್ನೆರಡರಿಂದ ಚೊಕ್ಕವಾಗಿ ಭಾಗವಾಗ್ತದೆ. ಅನುಮಾನ ಬರಬಾರದು ಅಂತ ಹನ್ನೆರಡರ ಲೆಕ್ಕ ಹಾಕೇ ಹುಟ್ಟಿಸಿದ್ದು. ಇಲ್ಲಿ ಡಜನ್ ಅಂದ್ಕೊಂಡೋರು ನೀವೊಬ್ರೇ."

"ಖಾಲಿ ಚೀಟಿಗೆ ಸಹಿ ಮಾಡಿಸ್ಕೊಂಡ್ರು, ಅಕ್ಕ," ಎಂದು ಮೆಕ್ಯಾನಿಕ್ ಅವಳಿಗೆ ಹೇಳಿದ. "ಜಾಲರಿ ಇನ್ನೂ ಗೋದಾಮಲ್ಲೇ ಇದೆ."

ಯಜಮಾನ ನಾಚಲಿಲ್ಲ. ನಕ್ಕ. ಹೊಸ ಚೀಟಿ ತೆಗೆದು, ಪೆನ್ನನ್ನು ಮೆಕ್ಯಾನಿಕ್‌ನ ಎದೆಗೆ ಚುಚ್ಚುವಂತೆ ಹಿಡಿದ.

"ಅಷ್ಟೇ ತಾನೆ? ಹನ್ನೊಂದರಿಂದ ಭಾಗವಾಗೋದು ಒಂದು ಬರಿ."

ಮೆಕ್ಯಾನಿಕ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಬರೆಯಲ್ಲ."